ಬಚ್ಚಲೊಲೆ ಕೀಳುವ ಮೊದಲು

ಪ್ರಶ್ನೆ: ನಾವು ಹೊಸನಗರ ತಾಲ್ಲೂಕಿನ ಹಳ್ಳಿಯವರು. ಹನ್ನೆರಡು ವರ್ಷ ಬೆಂಗಳೂರಿನಲ್ಲಿದ್ದು ಮೂರು ವರ್ಷಗಳ ಹಿಂದೆ ನಮ್ಮವರ ಊರಿಗೆ ಹಿಂದಿರುಗಿದೆವು. ಹೆಂಚಿನ ಹಳೆಯ ಮನೆಗೆ ತಾಗಿಸಿ ಒಂದು ಆರ್‌ಸಿಸಿ ಕೋಣೆಯನ್ನೂ ಅದಕ್ಕೊಂದು ಸ್ನಾನದ ಮನೆಯನ್ನೂ ಕಟ್ಟಿಸಿದ್ದೇವೆ. ಚಳಿ ಶುರುವಾದರೆ 78 ವರ್ಷದ ಮಾವನವರು ನಸುಕಿನ ನಾಲ್ಕೂವರೆಗೇ ಎದ್ದು ಬಚ್ಚಲೊಲೆಯ ಮುಂದೆ ಕೂರುತ್ತಾರೆ. ಕೆಮ್ಮು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಒಲೆ ಕಿತ್ತು ಗೀಸರ್ ಹಾಕಿಸೋಣ ಎನ್ನುತ್ತಾರೆ ನಮ್ಮವರು, ಮಾವನವರು ಒಪ್ಪುವುದಿಲ್ಲ. ರಾತ್ರಿ ಅವರ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುತ್ತೇವೆ, ಅದು ಸರಿಯೇ? ಹೊಸ ಕೋಣೆಯ ತಾರಸಿಯ ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿದಿದೆ. ಅಂಗಳದ ಅಡಿಕೆಗೆ ಟಾರ್ಪಾಲು ಹೊದಿಸಿದರೂ ಬೆಳಿಗ್ಗೆ ಒದ್ದೆಯಾಗಿರುತ್ತದೆ. ಕೊನೆಯದಾಗಿ, ಹಳೆಯ ತಾಮ್ರದ ಹಂಡೆ ಕೊಟ್ಟು ಸ್ಟೀಲಿನದು ತರುವುದು ಒಳ್ಳೆಯದೇ?

ಉತ್ತರ: ನೀವು ಕೇಳಿದವುಗಳಲ್ಲಿ ಹೆಚ್ಚಿನವಕ್ಕೆ ನಿಧಾನವಾಗಿ ಯೋಚಿಸಿ ಉತ್ತರ ಹೇಳಬಹುದು, ಇಂದು ರಾತ್ರಿಯೇ ಉತ್ತರ ಬೇಕಾದದ್ದು ಒಂದಿದೆ, ಅದು ಅಗ್ಗಿಷ್ಟಿಕೆ. ಮಲಗುವ ಕೋಣೆಯಲ್ಲಿ ಕೆಂಡ ಇಡುವುದನ್ನು ದಯವಿಟ್ಟು ನಿಲ್ಲಿಸಿ. ಹೊಗೆಯಾಡುವ ಕೊಳ್ಳಿಯನ್ನು ಯಾರೂ ಮಂಚದ ಬಳಿ ಇಡುವುದಿಲ್ಲ. ಹೊಗೆಯಾಡದ ಕೆಂಡವನ್ನು ನಿರಪಾಯಕಾರಿ ಎಂದು ನಂಬಿಯೇ ಇಡುತ್ತೇವೆ. ಆದರೆ ಕೆಂಡ ನಿಗಿನಿಗಿ ಉರಿಯುವಾಗಲೂ, ಬೂದಿ ಮುಚ್ಚಿಕೊಂಡು ಒಳಗೊಳಗೇ ಸುಡುತ್ತಿರುವಾಗಲೂ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುವುದರಿಂದ, ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಲಗಿದವರಿಗೆ ಮೊದಲು ತಲೆಭಾರ, ಆಮೇಲೆ ಮಂಪರು ಬರುತ್ತದೆ. ಎದ್ದು ಬಾಗಿಲು ತೆರೆಯಬೇಕೆಂಬ ಎಚ್ಚರವೇ ಕಡೆಗೆ ಉಳಿಯುವುದಿಲ್ಲ. ಹಿಂದೆ ನಮ್ಮ ಹಿರಿಯರೂ ಅಗ್ಗಿಷ್ಟಿಕೆ ಇಡುತ್ತಿದ್ದರಲ್ಲ ಎಂದು ನಿಮ್ಮ ಮನೆಯಲ್ಲಿ ಯಾರಾದರೂ ಕೇಳಿದರೆ ಅದು ನಿಜವೇ. ಆದರೆ ಅವರು ಮಲಗುತ್ತಿದ್ದ ಮನೆಯ ಹೆಂಚಿನ ಸಂದಿಗಳಲ್ಲಿ ರಾತ್ರಿಯಿಡೀ ಗಾಳಿ ಆಡುತ್ತಿತ್ತು, ಗೋಡೆ ಮಾಡಿನವರೆಗೆ ಏರುತ್ತಿರಲಿಲ್ಲ. ಈಗಿನ ಕೋಣೆಗಳಿಗೆ ಗಾಜಿನ ಕಿಟಕಿ, ಅದರ ಮೇಲೆ ಸೊಳ್ಳೆಪರದೆ, ಬಾಗಿಲಿನ ಕೆಳಗೆ ಚಳಿ ಬಾರದಂತೆ ಮಡಿಚಿಟ್ಟ ಗೋಣಿ. ಅದೇ ಅಗ್ಗಿಷ್ಟಿಕೆಯನ್ನು ಇಂಥ ಕೋಣೆಯಲ್ಲಿ ಇಟ್ಟರೆ ಪರಿಣಾಮ ಅದೇ ಆಗಿರುವುದಿಲ್ಲ.

ಬೆಚ್ಚಗೆ ಮಲಗಿಸುವ ದಾರಿ ಬೇರೆ ಇದೆ. ಮುದುಕರಿಗೆ ಮೇಲೆ ಮೂರು ಹೊದಿಕೆ ಹೊದಿಸುತ್ತೇವೆ, ಕೆಳಗೆ ತೆಳ್ಳನೆಯ ಹಾಸಿಗೆಯಷ್ಟೇ ಇರುತ್ತದೆ. ಮಲಗಿದವರ ಮೈಭಾರಕ್ಕೆ ಅದರ ಹತ್ತಿ ಒತ್ತಿಹೋಗಿ, ಮೈಶಾಖ ಮಂಚದ ಕೆಳಗಿನ ತಣ್ಣನೆಯ ಗಾಳಿಗೆ ಸೋರುತ್ತಿರುತ್ತದೆ. ಒಂದು ಕಂಬಳಿಯನ್ನು ಮೇಲಿಂದ ತೆಗೆದು ಹಾಸಿಗೆಯ ಕೆಳಗೆ ಹಾಸಿ ನೋಡಿ, ವ್ಯತ್ಯಾಸವನ್ನು ಮಾವನವರೇ ಹೇಳುತ್ತಾರೆ. ತಲೆಗೆ ಉಣ್ಣೆಯ ಟೊಪ್ಪಿ, ಕಾಲಿಗೆ ಕಾಲುಚೀಲ, ಮಲಗುವುದಕ್ಕೆ ಅರ್ಧ ಗಂಟೆ ಮೊದಲು ಹಾಸಿಗೆಯಲ್ಲಿ ಬಿಸಿನೀರಿನ ರಬ್ಬರ್ ಚೀಲ ಇಟ್ಟರೆ ಸಾಕು. ನೀರು ಕೊತಕೊತ ಕುದಿದದ್ದಾಗಿರಬಾರದು, ಚೀಲಕ್ಕೆ ಬಟ್ಟೆ ಸುತ್ತಿರಬೇಕು; ಸಕ್ಕರೆ ಕಾಯಿಲೆ ಇರುವವರ ಕಾಲಿಗೆ ಸುಟ್ಟದ್ದು ಗೊತ್ತಾಗುವುದಿಲ್ಲ.

ಇದೇ ಅನಿಲದ ಕಾರಣಕ್ಕೆ ಇನ್ನೊಂದು ಮಾತು. ಗೀಸರ್ ಎಂದು ನೀವು ಬರೆದಿದ್ದೀರಿ, ಯಾವುದೆಂದು ಬರೆದಿಲ್ಲ. ಸಿಲಿಂಡರಿನಿಂದ ಉರಿಯುವ ಗ್ಯಾಸ್ ಗೀಸರ್ ಆಗಿದ್ದರೆ ಅದನ್ನು ಸ್ನಾನದ ಮನೆಯ ಒಳಗೆ ಕೂರಿಸಲೇಬೇಡಿ. ಹೊರಗಿನ ಗೋಡೆಗೆ ಕೂರಿಸಿ ಕೊಳವೆಯಲ್ಲಿ ನೀರು ಒಳಗೆ ತನ್ನಿ. ಚಳಿಗೆ ವೆಂಟಿಲೇಟರಿಗೆ ರಟ್ಟು ಅಂಟಿಸಿ ಒಳಗೆ ಗ್ಯಾಸ್ ಉರಿಸಿದರೆ ಅದೂ ಅಗ್ಗಿಷ್ಟಿಕೆಯಷ್ಟೇ ಅಪಾಯದ್ದು, ಅದಕ್ಕಿಂತ ಬೇಗ ಕೆಲಸ ಮಾಡುವಂಥದ್ದು.

ಈಗ ಬಚ್ಚಲೊಲೆ. ಈ ವಿಷಯದಲ್ಲಿ ನಾನು ನಿಮ್ಮ ಮಾವನವರ ಕಡೆಗೆ ವಾಲುತ್ತೇನೆ, ಆದರೆ ಅವರು ಕೊಡುವ ಕಾರಣಕ್ಕಾಗಿ ಅಲ್ಲ. ಮಲೆನಾಡಿನ ಮನೆಯಲ್ಲಿ ಬಚ್ಚಲೊಲೆ ನೀರು ಕಾಯಿಸುವ ಒಂದು ಸಾಧನ ಮಾತ್ರ ಆಗಿದ್ದರೆ ಗೀಸರ್ ಅದರ ಜಾಗಕ್ಕೆ ಸಲೀಸಾಗಿ ಬಂದು ಕೂರುತ್ತಿತ್ತು. ನಿಮ್ಮ ಮನೆಯಲ್ಲಿ ಒಂದು ಬೆಳಿಗ್ಗೆ ಗಮನವಿಟ್ಟು ನೋಡಿ: ಆ ಒಲೆಯ ಗೋಡೆಗೆ ಆನಿಸಿದ ಹಗ್ಗದಲ್ಲಿ ಒಣಗದ ಬಟ್ಟೆ ನೇತಾಡುತ್ತಿರುತ್ತದೆ, ಪಕ್ಕದ ಕಟ್ಟೆಯ ಮೇಲೆ ದೋಸೆಹಿಟ್ಟಿನ ಪಾತ್ರೆ ಇರುತ್ತದೆ, ಹಸುವಿಗೆ ಬೆಚ್ಚನೆಯ ಅಕ್ಕಚ್ಚು ಅಲ್ಲಿಂದಲೇ ಹೋಗುತ್ತದೆ, ತೋಟದ ಗರಿ ಹಾಳೆ ಸಿಪ್ಪೆಗಳೆಲ್ಲ ಅಲ್ಲೇ ಕರಗುತ್ತವೆ, ಬೂದಿ ಗೊಬ್ಬರದ ಗುಂಡಿಗೂ ಪಾತ್ರೆ ತೊಳೆಯುವ ಕಟ್ಟೆಗೂ ಹಂಚಿಹೋಗುತ್ತದೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ನಡುಮನೆಯ ಕಿಟಕಿಯಲ್ಲಿ ಬಿಳಿಯ ಬೆಣ್ಣೆಯಂತೆ ಹೆಪ್ಪುಗಟ್ಟಿದ ಬಾಟಲಿ ಬಚ್ಚಲಿನ ಗೂಡಿನಲ್ಲಿ ಮಾತ್ರ ನೀರಿನಂತಿರುವುದನ್ನು ನೀವೂ ಕಂಡಿರುತ್ತೀರಿ. ಚಳಿಗಾಲದ ಮುಂಜಾನೆ ಇಡೀ ಮನೆಯಲ್ಲಿ ಬೆಚ್ಚಗಿರುವುದು ಅದೊಂದೇ ಕೋಣೆ. ಒಲೆ ಕಿತ್ತರೆ ಸ್ನಾನಕ್ಕೆ ನೀರು ಬೇರೆ ಕಡೆಯಿಂದ ಬರಬಹುದು, ಉಳಿದದ್ದಕ್ಕೆ ನೀವು ಬೇರೆ ಬೇರೆ ದಾರಿ ಹುಡುಕಬೇಕಾಗುತ್ತದೆ. ಹುದುಗು ಬಾರದ ಹಿಟ್ಟಿನಿಂದ ಹಿಡಿದು ಕೂರಲು ಜಾಗವಿಲ್ಲದೆ ಚಡಪಡಿಸುವ ಮಾವನವರವರೆಗೆ.

ವಿದ್ಯುತ್ತಿನ ಲೆಕ್ಕವನ್ನೂ ನೋಡೋಣ. 80 ಲೀಟರಿನ ಹಂಡೆಯ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 13.4 ಮೆಗಾಜೌಲ್ ಶಾಖ ಬೇಕು, ಅಂದರೆ 3.7 ಯೂನಿಟ್. ಅಷ್ಟು ನೀರಿಗೆ ತಣ್ಣೀರು ಬೆರೆಸಿದರೆ ಆರು ಜನರ ಸ್ನಾನ ಧಾರಾಳವಾಗಿ ಆಗುತ್ತದೆ. ಪೇಟೆಯಲ್ಲಿ 2,000 ವಾಟಿನ ಗೀಸರ್ 15 ಲೀಟರ್ ನೀರನ್ನು ಹದಿನೆಂಟಿಪ್ಪತ್ತು ನಿಮಿಷದಲ್ಲಿ ಕಾಯಿಸಿಬಿಡುತ್ತದೆ. ನಿಮ್ಮ ಊರಿನಲ್ಲಿ ಬೆಳಗಿನ ಹೊತ್ತು ಎಲ್ಲರ ಮನೆಯ ಪಂಪುಸೆಟ್ಟೂ ಮಿಕ್ಸಿಯೂ ಒಟ್ಟಿಗೆ ಓಡಿ ವೋಲ್ಟೇಜು 230ರಿಂದ 170ಕ್ಕೆ ಇಳಿದರೆ, ಗೀಸರಿನ ಶಕ್ತಿ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. 2,000 ವಾಟಿನದು 1,100 ವಾಟಿನಷ್ಟೇ ಕೆಲಸ ಮಾಡುತ್ತದೆ, ಇಪ್ಪತ್ತು ನಿಮಿಷದ್ದು ಅರ್ಧ ಗಂಟೆ ಮೀರುತ್ತದೆ. ಕರೆಂಟೇ ಇಲ್ಲದ ದಿನದ ಮಾತು ಬಿಡಿ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗೆಂದು ಗೀಸರ್ ಬೇಡವೆಂದಲ್ಲ. ಹೊಸ ಸ್ನಾನದ ಮನೆಯಲ್ಲಿ ಒಂದು ಚಿಕ್ಕದನ್ನು ಹಾಕಿಸಿಕೊಳ್ಳಿ, ಹೊತ್ತಲ್ಲದ ಹೊತ್ತಿನಲ್ಲಿ ಬಂದ ನೆಂಟರಿಗೂ ಮಕ್ಕಳಿಗೂ ಅನುಕೂಲ. ಭೂಸಂಪರ್ಕದ ತಂತಿ ಸರಿಯಾಗಿದೆಯೇ ಎಂದು ಮೊದಲು ನೋಡಿಸಿ. ಹಳೆಯ ಮನೆಗಳಲ್ಲಿ ಆ ತಂತಿ ಗೋಡೆಯ ಹಿಂದೆ ಎಲ್ಲಿಗೋ ಹೋಗಿ ನಿಂತಿರುತ್ತದೆ.

ನಿಮ್ಮ ಮನೆಯ ನಿಜವಾದ ತೊಂದರೆ ಬೆಂಕಿಯದಲ್ಲ, ಹೊಗೆಯದು, ಮತ್ತು ಈ ಎರಡನ್ನೂ ಒಂದೇ ಎಂದು ಭಾವಿಸಿರುವುದರಿಂದಲೇ ಮಗನಿಗೂ ಅಪ್ಪನಿಗೂ ವಾದ ಮುಗಿಯುತ್ತಿಲ್ಲ. ಹೊಗೆಯೆಂದರೆ ಉರಿಯದೆ ಉಳಿದ ಸೌದೆ. ಅದು ಹುಟ್ಟುವುದು ಮೂರು ಕಾರಣಕ್ಕೆ: ಸೌದೆ ಹಸಿಯಾಗಿರುವುದು, ಬೆಂಕಿಗೆ ಅಡಿಯಿಂದ ಗಾಳಿ ಸಿಗದಿರುವುದು, ಹುಟ್ಟಿದ ಹೊಗೆಗೆ ಮೇಲಕ್ಕೆ ಹೋಗಲು ದಾರಿಯಿಲ್ಲದಿರುವುದು. ನಮ್ಮ ಸೀಮೆಯ ಬಹುತೇಕ ಬಚ್ಚಲೊಲೆಗಳಲ್ಲಿ ಈ ಮೂರೂ ಕೂಡಿರುತ್ತವೆ. ಮೂರು ಕಡೆ ಗೋಡೆ, ಮೇಲೆ ಹಂಡೆ, ಮುಂದೆ ದೊಡ್ಡ ಬಾಯಿ, ಆ ಬಾಯಿಗೆ ಒಂದಾಳುದ್ದದ ಸೌದೆ ಕುಂಟೆ ತುರುಕಿ ಉರಿದಂತೆಲ್ಲ ಮುಂದಕ್ಕೆ ತಳ್ಳುವುದು. ಅದೇ ಬಾಯಿಯಿಂದ ಗಾಳಿ ಒಳಗೆ ಹೋಗಬೇಕು, ಹೊಗೆಯೂ ಹೊರಗೆ ಬರಬೇಕು. ಚಳಿ ಕಾಯಿಸಿಕೊಳ್ಳಲು ಕೂತವರ ಮುಖ ಸರಿಯಾಗಿ ಆ ಬಾಯಿಯ ಮಟ್ಟಕ್ಕೇ ಇರುತ್ತದೆ.

ಇಂಥ ತೆರೆದ ಒಲೆಯಲ್ಲಿ ಸೌದೆಯ ಶಾಖದ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮಾತ್ರ ನೀರಿಗೆ ಸೇರುತ್ತದೆ. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 15 ಮೆಗಾಜೌಲ್ ಶಾಖವಿದೆಯೆಂದು ಇಟ್ಟುಕೊಂಡರೆ, ಮೇಲೆ ಹೇಳಿದ ಒಂದು ಹಂಡೆ ನೀರಿಗೆ ಆರರಿಂದ ಒಂಬತ್ತು ಕಿಲೋ ಸೌದೆ ಬೇಕಾಗುತ್ತದೆ. ಒಲೆಯನ್ನು ಸರಿಯಾಗಿ ಕಟ್ಟಿ ಆ ಪಾಲನ್ನು ನೂರಕ್ಕೆ ಮೂವತ್ತಕ್ಕೆ ಏರಿಸಿದರೆ ಮೂರು ಕಿಲೋ ಸಾಕು. ಇದು ಹೊಸ ವಿದ್ಯೆಯಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾದ ‘ಅಸ್ತ್ರ’ ತಂಡ ಹಳ್ಳಿಯ ಒಲೆಗಳನ್ನು ಅಳೆದು, ತೂಗಿ, ಸುಧಾರಿಸಿದ ‘ಅಸ್ತ್ರ ಒಲೆ’ ರಾಜ್ಯದ ಎಷ್ಟೋ ಅಡುಗೆಮನೆಗಳನ್ನು ಸೇರಿತು. ಅಡಿಯಲ್ಲಿ ಜಾಲರಿ, ಮುಚ್ಚಿದ ಉರಿಗೂಡು, ಹೊಗೆಗೆ ಕೊಳವೆ ಎಂಬ ಆ ಮೂರು ತತ್ತ್ವಗಳೇ ಬಚ್ಚಲೊಲೆಗೂ ಸಲ್ಲುತ್ತವೆ.

ನಿಮ್ಮ ಒಲೆಯನ್ನು ಹೀಗೆ ತಿದ್ದಿಸಿ. ಹಂಡೆಯನ್ನು ಎತ್ತಿಸಿ, ಉರಿಗೂಡಿನ ತಳದಲ್ಲಿ ಬೀಡು ಕಬ್ಬಿಣದ ಜಾಲರಿ ಕೂರಿಸಿ, ಅದರ ಕೆಳಗೆ ಬೂದಿ ಬೀಳಲೂ ಗಾಳಿ ಬರಲೂ ಅರ್ಧ ಅಡಿಯ ಗುಂಡಿ ಬಿಡಬೇಕು; ಗುಂಡಿಗೆ ಮುಂದಿನಿಂದ ಕೈ ಹೋಗುವಷ್ಟು ಕಿಂಡಿ ಇರಬೇಕು. ಜಾಲರಿಗೂ ಹಂಡೆಯ ಅಡಿಗೂ ನಡುವೆ ಒಂದು ಗೇಣು ಅಂತರ ಸಾಕು; ಅದಕ್ಕಿಂತ ಕಡಿಮೆಯಾದರೆ ಉರಿ ಹಂಡೆಗೆ ತಗುಲಿ ಅರ್ಧಕ್ಕೇ ಆರಿ ಮಸಿಯಾಗುತ್ತದೆ, ಹೆಚ್ಚಾದರೆ ಶಾಖ ಗೋಡೆಗೆ ಹೋಗುತ್ತದೆ. ಹಂಡೆಯ ಹೊಟ್ಟೆಯ ಸುತ್ತ ಒಂದಿಂಚು ಸಂದಿ ಬಿಟ್ಟು, ಕತ್ತಿನ ಬಳಿ ಮಣ್ಣಿನಿಂದ ಮುಚ್ಚಿದರೆ ಬಿಸಿಗಾಳಿ ಹಂಡೆಯನ್ನು ಅಪ್ಪಿಕೊಂಡು ಮೇಲೇರಿ ಹಿಂಬದಿಯ ಕೊಳವೆ ಸೇರುತ್ತದೆ. ಸೌದೆ ಹಾಕುವ ಬಾಯಿ ಈಗಿನದರ ಅರ್ಧಕ್ಕೆ ಇಳಿಯಬೇಕು, ಅದಕ್ಕೊಂದು ತಗಡಿನ ಬಾಗಿಲು ಬೇಕು. ಇಲ್ಲಿ ಮಾವನವರ ತಕರಾರು ಬಂದೇ ಬರುತ್ತದೆ, ಏಕೆಂದರೆ ಅಷ್ಟು ಸಣ್ಣ ಬಾಯಿಗೆ ಕುಂಟೆ ಹಿಡಿಸುವುದಿಲ್ಲ, ಸೌದೆಯನ್ನು ಒಡೆದು ಮೊಳದುದ್ದಕ್ಕೆ ಕಡಿಯಬೇಕು. ಈ ಕೆಲಸಕ್ಕೆ ಬೇಸರಪಟ್ಟೇ ಎಷ್ಟೋ ಮನೆಗಳಲ್ಲಿ ಸುಧಾರಿತ ಒಲೆಯ ಬಾಯಿಯನ್ನು ಮತ್ತೆ ಒಡೆದು ಅಗಲ ಮಾಡಿದ್ದನ್ನು ನಾನು ಕಂಡಿದ್ದೇನೆ. ಹಾಗೆ ಮಾಡಿದ ದಿನ ಅದು ಹಳೆಯ ಒಲೆಯೇ ಆಯಿತು, ಕೊಳವೆಯೊಂದು ಅಲಂಕಾರಕ್ಕೆ ಉಳಿಯಿತು.

ಕೊಳವೆಯ ಬಗ್ಗೆ ನನ್ನ ಮನೆಯ ಕಥೆಯನ್ನೇ ಹೇಳುತ್ತೇನೆ. ಮೊದಲ ಸಲ ಒಲೆ ಕಟ್ಟಿಸಿದಾಗ ನಾಲ್ಕಿಂಚಿನ ಕೊಳವೆಯನ್ನು ಹೆಂಚಿನಿಂದ ಒಂದಡಿ ಮೇಲಕ್ಕೆ ಬರುವಂತೆ ನಿಲ್ಲಿಸಿ, ಮೇಸ್ತ್ರಿಯೂ ನಾನೂ ಬಹಳ ಖುಷಿಪಟ್ಟೆವು. ಬಚ್ಚಲು ಮನೆ ಮಾಡಿನ ಇಳಿಜಾರಿನ ಕೆಳತುದಿಯಲ್ಲಿದ್ದುದರಿಂದ ಕೊಳವೆಯ ತುದಿ ಮಾಡಿನ ನೆತ್ತಿಗಿಂತ ಬಹಳ ಕೆಳಗಿತ್ತು. ಡಿಸೆಂಬರಿನಲ್ಲಿ ಮೂಡಣದ ಗಾಳಿ ಬೀಸಿದಾಗ ಅದು ನೆತ್ತಿ ದಾಟಿ ಇಳಿಯುತ್ತ ಹೊಗೆಯನ್ನೆಲ್ಲ ಕೊಳವೆಯೊಳಕ್ಕೇ ಒತ್ತಿತು. ಅಮ್ಮ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದು, ‘ಮುಂಚೆ ಹೊಗೆ ತಾನಾಗಿ ಬರ್ತಿತ್ತು, ಈಗ ಕಳಿಸಿಕೊಡೋಕೆ ಪೈಪು ಹಾಕಿಸಿದ್ದೀಯ’ ಎಂದರು. ಕೊಳವೆಯನ್ನು ನೆತ್ತಿಗಿಂತ ಎರಡು ಅಡಿ ಮೇಲಕ್ಕೆ ಏರಿಸಿ, ಮಳೆನೀರು ಬೀಳದಂತೆ ತಗಡಿನ ಟೊಪ್ಪಿ ಹಾಕಿಸಿದ ಮೇಲೆ ಸರಿಯಾಯಿತು. ಕೊಳವೆ ಆದಷ್ಟೂ ನೇರವಾಗಿರಲಿ, ಮರದ ರೀಪಿಗೂ ಗಳಕ್ಕೂ ತಾಗದಿರಲಿ, ಬುಡದಲ್ಲಿ ತೆಗೆದು ಗುಡಿಸಲು ಒಂದು ಬಿರಡೆ ಇರಲಿ. ತಿಂಗಳಿಗೊಮ್ಮೆ ಗುಡಿಸದಿದ್ದರೆ ಒಳಗೆ ಡಾಂಬರಿನಂಥ ಕಪ್ಪು ಜಿಡ್ಡು ಕಟ್ಟಿ, ಒಂದು ದಿನ ಅದಕ್ಕೇ ಬೆಂಕಿ ಹಿಡಿಯುತ್ತದೆ.

ಸೌದೆಯ ವಿಷಯದಲ್ಲಿ ಒಂದು ಸಂಗತಿ ಸಾಮಾನ್ಯವಾಗಿ ನಮ್ಮ ಗಮನಕ್ಕೆ ಬರುವುದಿಲ್ಲ. ನಾವು ಬೇಸಗೆಯಲ್ಲಿ ಸೌದೆ ಕೂಡಿಸುವುದು ಮಳೆಗಾಲಕ್ಕೆಂದು. ಒಣಗಿದ ಮೇಲಿನ ಸಾಲೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮುಗಿದು, ಚಳಿಗಾಲಕ್ಕೆ ಉಳಿಯುವುದು ಮಳೆಯ ತೇವ ಹೀರಿಕೊಂಡು ಬೂಷ್ಟು ಹಿಡಿದ ಅಡಿಸಾಲು. ಅದಕ್ಕೆ ಜೊತೆಯಾಗಿ, ಅಡಿಕೆ ಸುಲಿತ ನಡೆಯುವುದೂ ಇದೇ ತಿಂಗಳುಗಳಲ್ಲಿ ಆದ್ದರಿಂದ ಅಂಗಳದ ತುದಿಯಲ್ಲಿ ರಾಶಿ ಬಿದ್ದ ಹಸಿ ಸಿಪ್ಪೆ ಬುಟ್ಟಿಗಟ್ಟಲೆ ಒಲೆಗೆ ಹೋಗುತ್ತದೆ. ಆಗತಾನೇ ಕಡಿದ ಸೌದೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಮೊದಲು ಆ ನೀರು ಆವಿಯಾಗಬೇಕು, ಆಮೇಲೆ ಸೌದೆ ಉರಿಯಬೇಕು. ಆ ನಡುವಿನ ಹೊತ್ತಿಡೀ ಹೊಗೆಯೇ. ಆದ್ದರಿಂದ ಸೌದೆ ಕೊಟ್ಟಿಗೆಯಲ್ಲಿ ಚಳಿಗಾಲದ ಪಾಲನ್ನು ಬೇರೆಯಾಗಿ, ನೆಲದಿಂದ ಒಂದಡಿ ಎತ್ತರದ ಅಟ್ಟಣೆಯ ಮೇಲೆ ಪೇರಿಸಿಡಿ. ಸಿಪ್ಪೆಯನ್ನು ಈ ವರ್ಷ ಹರವಿ ಒಣಗಿಸಿ, ಮುಂದಿನ ವರ್ಷಕ್ಕೆ ಬಳಸಿ, ಇಲ್ಲವೇ ತೋಟದ ಬುಡಕ್ಕೆ ಮುಚ್ಚಿಗೆಗೆ ಹಾಕಿ. ಒಲೆ ಹೊತ್ತಿಸಲು ಹಾಲಿನ ಕವರು, ಗೊಬ್ಬರದ ಚೀಲದ ಚೂರು ಬಳಸುವ ಅಭ್ಯಾಸ ನಿಮ್ಮಲ್ಲಿದ್ದರೆ ಅದನ್ನು ಬಿಡಿ. ಒಣಗಿದ ಅಡಿಕೆ ಹಾಳೆಯ ಒಂದು ಚೂರು ಅದಕ್ಕಿಂತ ಚೆನ್ನಾಗಿ ಹತ್ತಿಕೊಳ್ಳುತ್ತದೆ.

ಸೌದೆಗೂ ದರಗಿಗೂ (ಉದುರಿದ ಒಣ ಎಲೆ) ಸೊಪ್ಪಿನ ಬೆಟ್ಟಕ್ಕೆ ಹೋಗುವವರು ನಿಮ್ಮ ಮನೆಯಲ್ಲಿದ್ದರೆ ಮಂಗನ ಕಾಯಿಲೆಯನ್ನು ನೆನಪಿಡಬೇಕು. ಈ ರೋಗದ ವೈರಾಣು ಮೊದಲು ಪತ್ತೆಯಾದದ್ದೇ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಬಳಿ. ಅದನ್ನು ಹರಡುವ ಉಣುಗಿನ ಮರಿಗಳು ದರಗಿನಲ್ಲಿ ಹೆಚ್ಚಾಗುವುದು ಮಳೆ ನಿಂತ ಮೇಲೆ, ಸುಮಾರಾಗಿ ನವೆಂಬರ್‌ನಿಂದ ಮೇ ತನಕ. ಚಳಿಗಾಲದಲ್ಲಿ ಸೌದೆ ಮುಗಿಯಿತೆಂದು ಕಾಡಿಗೆ ಹೋಗುವುದು ಸರಿಯಾಗಿ ಅದೇ ಹೊತ್ತಿಗೆ ಬೀಳುತ್ತದೆ. ಆ ಉಣುಗು ಎಳ್ಳಿಗಿಂತ ಸಣ್ಣದು, ಮೈಮೇಲೆ ಹತ್ತಿದ್ದು ತಿಳಿಯುವುದಿಲ್ಲ. ಉದ್ದ ತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಹಚ್ಚಿಕೊಂಡೇ ಹೋಗಬೇಕು. ಹಿಂದಿರುಗಿದ ಕೂಡಲೇ ಉಟ್ಟ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಬಿಸಿನೀರಿನ ಸ್ನಾನ ಮಾಡಿ, ಮಂಡಿಯ ಹಿಂಭಾಗ, ಕಂಕುಳು, ಸೊಂಟದ ದಾರದ ಸುತ್ತ ನೋಡಿಕೊಳ್ಳಬೇಕು. ತಂದ ದರಗನ್ನು ಜಗಲಿಯ ಬಳಿ ರಾಶಿ ಹಾಕಬೇಡಿ. ಕಾಡಿಗೆ ಹೋಗಿ ಬಂದ ಒಂದೆರಡು ವಾರದೊಳಗೆ ಒಮ್ಮೆಲೇ ಜೋರು ಜ್ವರ, ತಲೆ ಸಿಡಿತ, ಮೈಕೈ ನೋವು ಬಂದರೆ ಕಷಾಯ ಕುಡಿಸುತ್ತ ಕಾಯದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ, ಕಾಡಿಗೆ ಹೋಗಿದ್ದನ್ನು ಬಾಯಿಬಿಟ್ಟು ಹೇಳಿ. ತೋಟದಲ್ಲೋ ಕಾಡಂಚಿನಲ್ಲೋ ಮಂಗ ಸತ್ತು ಬಿದ್ದಿದ್ದರೆ ಮುಟ್ಟದೆ ಅವರಿಗೇ ತಿಳಿಸಿ. ಈ ರೋಗ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಆದ್ದರಿಂದ ಜ್ವರ ಬಂದವರನ್ನು ಆರೈಕೆ ಮಾಡಲು ಹೆದರಬೇಕಿಲ್ಲ.

ಮಾವನವರ ಕೆಮ್ಮಿಗೆ ಒಲೆ ತಿದ್ದಿದರಷ್ಟೇ ಸಾಲದು. ದಶಕಗಟ್ಟಲೆ ಸೌದೆ ಹೊಗೆ ಕುಡಿದವರಿಗೆ, ಬೀಡಿ ಸೇದದಿದ್ದರೂ, ಶ್ವಾಸನಾಳ ಕಿರಿದಾಗುವ ಸಿಒಪಿಡಿ ಎಂಬ ಕಾಯಿಲೆ ಬರಬಹುದು. ಊದಿಸಿ ನೋಡುವ ಒಂದು ಸರಳ ಪರೀಕ್ಷೆಯಲ್ಲಿ ಅದು ತಿಳಿಯುತ್ತದೆ. ಶಿವಮೊಗ್ಗದಲ್ಲಿ ಎದೆರೋಗದ ವೈದ್ಯರಿದ್ದಾರೆ, ಈ ಚಳಿಯಲ್ಲೇ ಒಮ್ಮೆ ತೋರಿಸಿ. ಚಳಿಗೆ ರಕ್ತನಾಳಗಳು ಸಂಕುಚಿಸಿ ರಕ್ತದೊತ್ತಡ ಏರುವುದರಿಂದ, ಹಾಸಿಗೆಯಿಂದ ಎದ್ದವರೇ ಬರಿಮೈಯಲ್ಲಿ ಅಂಗಳ ದಾಟಿ ಬಚ್ಚಲಿಗೆ ಹೋಗುವುದೂ ಒಳ್ಳೆಯದಲ್ಲ. ಆದರೆ ಒಲೆಯ ಮುಂದೆ ಕೂರಬೇಡಿ ಎಂದು ಮಾತ್ರ ಹೇಳಬೇಡಿ. ಒಲೆಗೆ ಬಾಗಿಲು ಬಂದ ಮೇಲೆ ಅವರ ಮಣೆಯನ್ನು ಬಾಯಿಯ ಎದುರಿನಿಂದ ಪಕ್ಕದ ಗೋಡೆಗೆ ಸರಿಸಿ. ಮಣ್ಣಿನ ಆ ಗೋಡೆ ಒಮ್ಮೆ ಕಾದರೆ ಎರಡು ತಾಸು ಬೆಚ್ಚಗಿರುತ್ತದೆ, ಬೆನ್ನಿಗೆ ಶಾಖ ಸಿಗುತ್ತದೆ, ಮೂಗಿಗೆ ಹೊಗೆ ಸಿಗುವುದಿಲ್ಲ. ನಸುಕಿನಲ್ಲಿ ಒಂದು ಲೋಟ ಕಷಾಯ ಹಿಡಿದು ಅಲ್ಲಿ ಕೂರುವುದು ಅವರಿಗೆ ಬೆಂಕಿಗಿಂತ ದೊಡ್ಡ ವಿಷಯ. ಅದನ್ನು ಕಸಿದರೆ ಅವರು ಕೊಟ್ಟಿಗೆಯ ಬಳಿ ಬಯಲಲ್ಲಿ ದರಗು ಹೊತ್ತಿಸಿಕೊಂಡು ಕೂರುತ್ತಾರೆ, ಅದು ಇನ್ನೂ ಕೆಟ್ಟ ಹೊಗೆ.

ಹೊಸ ಕೋಣೆಯ ಬೂಷ್ಟಿಗೂ ಅಂಗಳದ ಅಡಿಕೆಗೂ ಕಾರಣ ಒಂದೇ. ಇಬ್ಬನಿ ಬೀಳುತ್ತದೆ ಎಂದು ನಾವು ಹೇಳುತ್ತೇವೆ. ವಾಸ್ತವವಾಗಿ ಅದು ಬೀಳುವುದಿಲ್ಲ, ತಣ್ಣಗಾದ ವಸ್ತುವಿನ ಮೈಮೇಲೆ ಮೂಡುತ್ತದೆ. 30 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು, 15 ಡಿಗ್ರಿಯ ಗಾಳಿ 13 ಗ್ರಾಂ ಮಾತ್ರ. ನಮ್ಮಲ್ಲಿ ಜನವರಿಯ ಮಧ್ಯಾಹ್ನ ಮೂವತ್ತರ ಹತ್ತಿರ ಹೋಗುವ ಉಷ್ಣತೆ ಮುಂಜಾನೆ ಹದಿನೈದಕ್ಕೋ ಅದಕ್ಕೂ ಕೆಳಗೋ ಇಳಿಯುವುದರಿಂದ, ಮಧ್ಯಾಹ್ನ ಅರ್ಧ ತುಂಬಿದ್ದ ಗಾಳಿ ನಸುಕಿಗೆ ತುಂಬಿ ತುಳುಕುತ್ತದೆ. ಮೋಡವಿಲ್ಲದ ರಾತ್ರಿ ಆಕಾಶಕ್ಕೆ ಮುಖ ಮಾಡಿದ ವಸ್ತುಗಳೆಲ್ಲ ತಮ್ಮ ಶಾಖವನ್ನು ಮೇಲಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತವೆ. ಬಯಲಿನಲ್ಲಿ ನಿಲ್ಲಿಸಿದ ಬೈಕಿನ ಸೀಟು ಒದ್ದೆಯಾಗಿ, ಚಪ್ಪರದ ಕೆಳಗಿನದು ಒಣಗಿರುವುದು ಇದರಿಂದಲೇ.

ನಿಮ್ಮ ತಾರಸಿಯೂ ಹಾಗೆಯೇ ರಾತ್ರಿಯಿಡೀ ತಣಿದಿರುತ್ತದೆ. ಬೆಳಿಗ್ಗೆ ಒಳಗಿನ ಸ್ನಾನದ ಮನೆಯ ಬಿಸಿನೀರಿನ ಹಬೆ ಕೋಣೆಗೆ ಬಂದು ಆ ತಣ್ಣನೆಯ ಮೂಲೆಗೆ ತಗುಲಿ ನೀರಾಗುತ್ತದೆ, ಪ್ಲಾಸ್ಟಿಕ್ ಬಣ್ಣ ಅದನ್ನು ಹೀರುವುದಿಲ್ಲ, ಬೂಷ್ಟು ಬೆಳೆಯುತ್ತದೆ. ಹೆಂಚಿನ ಮನೆಯಲ್ಲಿ ಇದು ಏಕಿಲ್ಲವೆಂದರೆ ಅಲ್ಲಿ ಹಬೆಗೆ ಹೊರಹೋಗಲು ಸಾವಿರ ಸಂದಿ. ಮಳೆಗಾಲದಲ್ಲಿ ಸೋರಿದ್ದರಿಂದ ಆದ ಕಲೆಯೋ ಹಬೆಯದೋ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಸೋರಿಕೆಯ ಕಲೆಗೆ ಕಂದು ಅಂಚಿರುತ್ತದೆ ಮತ್ತು ಅದು ಮಳೆಯಲ್ಲಿ ಬೆಳೆಯುತ್ತದೆ, ಹಬೆಯದು ಕಪ್ಪು ಚುಕ್ಕೆಚುಕ್ಕೆಯಾಗಿ ಮೂಲೆಯಲ್ಲಿ, ಬೀರುವಿನ ಹಿಂದೆ, ಚಳಿಗಾಲದಲ್ಲಿ ಕಾಣಿಸುತ್ತದೆ. ನೀವು ಬರೆದಿರುವ ರೀತಿ ನೋಡಿದರೆ ಎರಡನೆಯದೇ ಇರಬೇಕು. ಸ್ನಾನವಾದ ಮೇಲೆ ಅದರ ಬಾಗಿಲು ಮುಚ್ಚಿ ಹೊರಗಿನ ಕಿಟಕಿ ತೆರೆಯಿರಿ. ನಾವು ಮಾಡುವುದು ಇದಕ್ಕೆ ಸರಿಯಾಗಿ ತಿರುಗುಮುರುಗು. ಬೂಷ್ಟನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆದು, ಒಣಗಿದ ಮೇಲೆ ಪ್ಲಾಸ್ಟಿಕ್ ಬಣ್ಣ ಕೆರೆಸಿ ಸುಣ್ಣ ಬಳಿಸಿ. ಸುಣ್ಣದ ಕ್ಷಾರದಲ್ಲಿ ಬೂಷ್ಟು ಸುಲಭವಾಗಿ ಬದುಕುವುದಿಲ್ಲ.

ಅಡಿಕೆಯ ವಿಷಯದಲ್ಲಿ ತಪ್ಪು ಟಾರ್ಪಾಲಿನದಲ್ಲ, ಹೊದಿಸುವ ಹೊತ್ತಿನದು. ಬೇಯಿಸಿ ಹರವಿದ ಅಡಿಕೆಯಲ್ಲಿ ಇನ್ನೂ ತೇವವಿರುತ್ತದೆ, ಸಂಜೆ ಐದಕ್ಕೆ ಅದು ಬಿಸಿಯಾಗಿಯೂ ಇರುತ್ತದೆ. ಆಗಲೇ ಪ್ಲಾಸ್ಟಿಕ್ ಎಳೆದರೆ ಒಳಗಿನ ಹಬೆ ಮೇಲೆದ್ದು ತಣ್ಣಗಾದ ಟಾರ್ಪಾಲಿನ ಒಳಮೈಗೆ ತಗುಲಿ ಹನಿಯಾಗಿ ಅಡಿಕೆಗೇ ತೊಟ್ಟಿಕ್ಕುತ್ತದೆ. ಅದು ಇಬ್ಬನಿಯಲ್ಲ, ನಿಮ್ಮದೇ ಅಡಿಕೆಯ ಬೆವರು. ಬಿಸಿಲು ಇಳಿಯುತ್ತಿದ್ದಂತೆ ಅಡಿಕೆಯನ್ನು ಗುಡ್ಡೆ ಮಾಡಿ, ಬಿಸಿ ಆರಲು ಬಿಟ್ಟು, ಮೇಲೆ ಮೊದಲು ಗೋಣಿತಾಟನ್ನೋ ಹಳೆಯ ಕಂಬಳಿಯನ್ನೋ ಹಾಕಿ, ಅದರ ಮೇಲೆ ಟಾರ್ಪಾಲು ಹೊದಿಸಿ. ಗೋಣಿ ಬೆವರನ್ನು ಹೀರುತ್ತದೆ. ಅಂಗಳಕ್ಕಿಂತ ಅಟ್ಟದ ಮೇಲಿನ ತಟ್ಟಿಯಲ್ಲಿ ಒಣಗಿಸಿದರೆ ಅಡಿಯಿಂದಲೂ ಗಾಳಿ ಸಿಗುತ್ತದೆ. ಬೆಳಿಗ್ಗೆ ಬೇಗ ತೆರೆಯುವ ಆತುರವೂ ಬೇಡ; ಕಾವಳ ಕರಗಿ, ಅಂಗಳದ ಹುಲ್ಲಿನ ಮೇಲಿನ ಹನಿ ಆರಿದ ಮೇಲೆ ತೆರೆಯಿರಿ. ನಮ್ಮ ಕಣಿವೆಗಳಲ್ಲಿ ಅದಕ್ಕೆ ಒಂಬತ್ತು ಗಂಟೆಯಾಗುತ್ತದೆ. ಬೇಯಿಸಿದ ಅಡಿಕೆಗೆ ಐದಾರು ಒಳ್ಳೆಯ ಬಿಸಿಲು ಸಾಕಾದರೂ ಸಿಪ್ಪೆ ಸಹಿತ ಒಣಗಿಸುವ ಚಾಲಿಗೆ 40ರಿಂದ 45 ದಿನ ಬೇಕು. ಅಷ್ಟೂ ರಾತ್ರಿ ನೆನೆಯುತ್ತಲೇ ಹೋದರೆ ಒಳಗೆ ಬೂಷ್ಟು ಹಿಡಿದು ಮಂಡಿಯಲ್ಲಿ ದರ ಬೀಳುತ್ತದೆ.

ಸೋಲಾರ್ ನೀರಿನ ಹೀಟರ್ ಬಗ್ಗೆ ನೀವು ಕೇಳಿಲ್ಲ, ಆದರೂ ಗೀಸರಿಗೆ ಹಣ ಎತ್ತಿಡುವವರು ಅದನ್ನೂ ಯೋಚಿಸಬಹುದು. ಮುಂಜಾನೆಯ ಕಾವಳ ಅದಕ್ಕೆ ಅಡ್ಡಿಯಲ್ಲ, ಏಕೆಂದರೆ ಬೆಳಿಗ್ಗೆ ಬಳಸುವುದು ಹಿಂದಿನ ದಿನ ಕಾದ ನೀರು. ಚಳಿಗಾಲದ ನಮ್ಮ ಆಕಾಶ ತಿಳಿಯಾಗಿರುತ್ತದೆ. ಅಡ್ಡಿಯಾಗುವುದು ತೋಟದ ನೆರಳು: ಡಿಸೆಂಬರಿನಲ್ಲಿ ನಡುಹಗಲಲ್ಲೂ ಸೂರ್ಯ ದಕ್ಷಿಣಕ್ಕೆ ವಾಲಿ 52 ಡಿಗ್ರಿಯಷ್ಟೇ ಮೇಲಿರುತ್ತಾನೆ, ಮನೆಯ ದಕ್ಷಿಣಕ್ಕೆ ಅಡಿಕೆ ಮರಗಳಿದ್ದರೆ ತಾರಸಿಗೆ ದಿನದ ಅರ್ಧ ಬಿಸಿಲೂ ಸಿಗುವುದಿಲ್ಲ. ಮಳೆಗಾಲದ ನಾಲ್ಕು ತಿಂಗಳು ಅದು ಅಲಂಕಾರಕ್ಕಷ್ಟೇ. ಆಗ ಮತ್ತೆ ಬಚ್ಚಲೊಲೆಯೇ ಗತಿ.

ಒಲೆ ತಿದ್ದಿಸುವುದನ್ನು ಫೆಬ್ರವರಿಗೆ ಇಟ್ಟುಕೊಳ್ಳಿ. ಆಗ ಅಡಿಕೆ ಬೇಯಿಸುವ ಕೆಲಸ ಮುಗಿದಿರುತ್ತದೆ, ಆಳು ಸಿಗುತ್ತಾರೆ, ಮಣ್ಣು ಚೆನ್ನಾಗಿ ಒಣಗುತ್ತದೆ. ಕಟ್ಟಿದ ಮೇಲೆ ಎಂಟು ದಿನ ದೊಡ್ಡ ಉರಿ ಹಾಕದೆ ಪುಳ್ಳೆಯ ಸಣ್ಣ ಬೆಂಕಿಯಲ್ಲೇ ಕಾಯಿಸಿ, ಇಲ್ಲವಾದರೆ ಮಣ್ಣು ಸೀಳು ಬಿಡುತ್ತದೆ.

ಹಂಡೆಯನ್ನು ಕೊಡಬೇಡಿ. ತಾಮ್ರ ಸ್ಟೀಲಿಗಿಂತ ಇಪ್ಪತ್ತು ಪಟ್ಟು ಹೆಚ್ಚು ಚೆನ್ನಾಗಿ ಶಾಖ ದಾಟಿಸುತ್ತದೆ ಎಂಬುದು ನಿಜ, ಆದರೆ ಒಂದೆರಡು ಮಿಲಿಮೀಟರ್ ದಪ್ಪದ ಹಂಡೆಯಲ್ಲಿ ಆ ವ್ಯತ್ಯಾಸ ನೀರಿಗೆ ಅಷ್ಟಾಗಿ ತಿಳಿಯುವುದಿಲ್ಲ. ಅದಕ್ಕಿಂತ ಹೆಚ್ಚು ತಡೆಯುವುದು ಅಡಿಯಲ್ಲಿ ಕಟ್ಟಿದ ಮಸಿ. ನೀವು ಹಂಡೆ ಎತ್ತಿಸಿದ ದಿನ ಅದರ ಹೊರಮೈಯನ್ನು ಉಗುರಿನಿಂದ ಕೆರೆದು ನೋಡಿ. ಬೆರಳಿನ ದಪ್ಪಕ್ಕೆ ಮಸಿ ಬಂದರೆ, ಇಷ್ಟು ದಿನ ನೀವು ಕಾಯಿಸುತ್ತಿದ್ದದ್ದು ಮೊದಲು ಅದನ್ನು, ಆಮೇಲೆ ನೀರನ್ನು. ತೆಂಗಿನ ಚಿಪ್ಪಿನಿಂದ ಕೆರೆದು, ಬೂದಿ ಮತ್ತು ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಒಂದು ಮಧ್ಯಾಹ್ನದ ಕೆಲಸ.